ಸೊಳ್ಳೆ ಹುಡುಕುವ ಸೆಲಿನ್

ಗುರುವಾರ ಬೆಳಗಿನ ಐದೂಮುಕ್ಕಾಲು. ಅಮೆರಿಕದ ನ್ಯೂಕ್ಯಾಸಲ್‌ನ ಒಂದು ಅಂಗಡಿ ಸಾಲಿನ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಸೆಲಿನ್ ಲೋಬೊ ಸೊಳ್ಳೆ ಹುಡುಕುತ್ತಿದ್ದಾರೆ. ಹೊರಗೆ ಕೊರೆಯುವ ಚಳಿ. ಸೊಳ್ಳೆಯಿರಲಿ, ನೊಣವೂ ಸುಳಿಯದು. ಸೆಲಿನ್ ಹುಡುಕುತ್ತಿರುವುದು ಎಂಬತ್ತು ವರ್ಷದ ಹಿಂದಿನ ಸೊಳ್ಳೆಗಳನ್ನು. ಮಾನಿಟರ್ ಮೇಲೆ ಒಂದು ಕಪ್ಪುಬಿಳುಪು ಕಾರ್ಟೂನು ನಿಂತಿದೆ. ಮಂಚದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುವ ಸೈನಿಕ, ಅವನ ಸುತ್ತ ಎಳ್ಳು ಚೆಲ್ಲಿದಂತೆ ಚುಕ್ಕೆಗಳು. ಕೆಲವು ಧೂಳು, ಕೆಲವು ಸೊಳ್ಳೆ. ಯಾವುದು ಯಾವುದೆಂದು ನಾಳೆ ಸಂಜೆ ಐದರೊಳಗೆ ತೀರ್ಮಾನವಾಗಬೇಕು.

ಐವತ್ತೈದರ ಸೆಲಿನ್ ಹತ್ತು ನಿಮಿಷ ಕುರ್ಚಿಯಲ್ಲಿ ಕೂತರೆ ಹೆಚ್ಚು. ಎದ್ದು ಕಾಲು ಸುಟ್ಟ ಬೆಕ್ಕಿನಂತೆ ಕೋಣೆ ಸುತ್ತುತ್ತಾರೆ, ಮತ್ತೆ ಬಂದು ಕೂರುತ್ತಾರೆ, ತಣ್ಣಗಾದ ಚಹಾವನ್ನು ಮೂಸಿ ಪಕ್ಕಕ್ಕಿಡುತ್ತಾರೆ. ಸೋಮವಾರದಿಂದ ಹೀಗೇ ನಡೆದಿದೆ. ಮಿಲ್ ಕ್ರೀಕ್‌ನ ಮನೆಯಲ್ಲಿ ಗಂಡ ಆಲ್ಫ್ರೆಡ್ ಏಳುವ ಮೊದಲೇ ಕಾರು ಹತ್ತಿ, ಟ್ರಾಫಿಕ್ ಕಟ್ಟಿಕೊಳ್ಳುವುದರೊಳಗೆ 405 ಹೆದ್ದಾರಿ ದಾಟಿ ಇಲ್ಲಿಗೆ ಬಂದುಬಿಡುತ್ತಾರೆ.

ಈ ಕೋಣೆ ಹಳೆಯ ಫಿಲ್ಮುಗಳ ಆಸ್ಪತ್ರೆಯಂತಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಸೇನೆ ತನ್ನ ಹುಡುಗರಿಗೆ ಪಾಠ ಹೇಳಲು ತಮಾಷೆಯ ಕಾರ್ಟೂನುಗಳನ್ನು ಮಾಡಿಸುತ್ತಿತ್ತು. ಉಪದೇಶ ಮಾಡಿದರೆ ಆಕಳಿಸುವ ಹುಡುಗರು, ಒಬ್ಬ ದಡ್ಡ ಸೈನಿಕ ಪೆಟ್ಟು ತಿನ್ನುವುದನ್ನು ತೋರಿಸಿದರೆ ಕಣ್ಣರಳಿಸಿ ಕೂರುತ್ತಿದ್ದರು. ಬಾಯಿ ಬಿಟ್ಟು ಗುಟ್ಟು ಹೇಳಬೇಡ, ಬಂದೂಕು ಒರೆಸಿಡು, ಮಾತ್ರೆ ನುಂಗು ಎಂಬಂಥ ಪಾಠಗಳು. ಆ ರೀಲುಗಳಲ್ಲಿ ಅಳಿದುಳಿದ ಕೆಲವು ಈಗ ಡಬ್ಬಿಯೊಳಗೇ ಹುಳಿಯುತ್ತಿವೆ. ಮುಚ್ಚಳ ತೆಗೆದರೆ, ಹಬ್ಬಕ್ಕೆ ಹಂದಿಮಾಂಸ ನೆನೆಹಾಕಿದ ಮನೆಯಂತೆ ವಿನೆಗರ್ ವಾಸನೆ. ಫಿಲ್ಮು ಕುಗ್ಗಿ ಸುರುಟುವ ಮೊದಲು ಅದನ್ನು ಸ್ಕ್ಯಾನ್ ಮಾಡಬೇಕು. ಆಮೇಲೆ ಸಾಫ್ಟ್‌ವೇರ್ ಧೂಳು, ಗೀರುಗಳನ್ನು ಅಳಿಸುತ್ತದೆ. ಅದರ ಕಣ್ಣು ತಪ್ಪಿಸಿ ಉಳಿದದ್ದನ್ನು ಸೆಲಿನ್ ಒಂದೊಂದೇ ಫ್ರೇಮ್ ನೋಡಿ ಒರೆಸುತ್ತಾರೆ. ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮ್, ನಾಲ್ಕು ನಿಮಿಷದ ಕಾರ್ಟೂನಿಗೆ ಐದು ಸಾವಿರದ ಏಳುನೂರ ಅರವತ್ತು. ಹನ್ನೊಂದು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡುತ್ತಿರುವ ಈ ಕೆಲಸಕ್ಕೆ ಅವರ ಹೆಸರು ಎಲ್ಲೂ ಬರುವುದಿಲ್ಲ.

ಚುಕ್ಕೆ ಒರೆಸುವುದು ಅವರಿಗೆ ಮಂಗಳೂರಿನಲ್ಲೇ ಅಂಟಿದ ವಿದ್ಯೆ. ಇಪ್ಪತ್ತರ ವಯಸ್ಸಿನಲ್ಲಿ ಹಂಪನಕಟ್ಟೆಯ ಒಂದು ಸ್ಟುಡಿಯೋದಲ್ಲಿ ನೆಗೆಟಿವ್ ಟಚಪ್ ಮಾಡುತ್ತಿದ್ದರು. "ಮದುಮಗಳ ಮುಖದಲ್ಲಿ ಮೊಡವೆ ಉಂಟಲ್ಲ, ಅದನ್ನು ಪೆನ್ಸಿಲ್ ಹಿಡ್ಕೊಂಡು ತೆಗೆಯುವುದು. ಒಬ್ಬಳ ಗಲ್ಲದ ಮಚ್ಚೆಯನ್ನೂ ತೆಗ್ದುಬಿಟ್ಟೆ. ಅವಳಮ್ಮ ಬಂದು ಎಂಥಾ ಬೈದ್ರು ಗೊತ್ತುಂಟಾ?" ಎಂದು ನಗುತ್ತಾರೆ. ನಗು ಪೂರ್ತಿ ಬರುವ ಮೊದಲೇ ಕಣ್ಣು ಗೋಡೆ ಗಡಿಯಾರದ ಕಡೆ ಓಡುತ್ತದೆ.

ಈಗಿನ ಗಡಿಬಿಡಿಗೆ ಕಾರಣ ಸೊಳ್ಳೆ ಪರದೆಯ ಪಾಠ ಹೇಳುವ ಒಂದು ರೀಲು. ಅದರ ದಡ್ಡ ಸೈನಿಕನಿಗೆ ಸೆಲಿನ್ ತಮ್ಮೂರಿನ ಕಡೆಯದೊಂದು ಹೆಸರಿಟ್ಟು ಲಾದ್ರು ಎಂದು ಕರೆಯುತ್ತಾರೆ. ಲಾದ್ರು ಪರದೆಯನ್ನು ಕಾಲಿನಿಂದ ಒದ್ದು ಮಲಗುತ್ತಾನೆ. ಸೊಳ್ಳೆ ಬರುತ್ತದೆ. ಆನೆಯಂಥ ಸೈನಿಕ, ಚುಕ್ಕೆಯಂಥ ಸೊಳ್ಳೆ, ತಮಾಷೆಯೆಲ್ಲ ಅಲ್ಲೇ ಇದೆ. ರೀಲು ಎರಡು ವಾರದ ಹಿಂದೆ ಫಳಫಳ ಹೊಳೆಯುತ್ತಾ ಹೊರಬಿತ್ತು. ಕಳಿಸಿದ್ದ ಸಂಗ್ರಹಾಲಯದವರು ಇಷ್ಟು ಸ್ವಚ್ಛವಾದ ಚಿತ್ರ ನೋಡಿಯೇ ಇಲ್ಲವೆಂದು ಮೆಚ್ಚಿ ಬರೆದರು. ಕಳೆದ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಸೆಲಿನ್ ಆಲ್ಫ್ರೆಡ್‌ಗೆ ತೋರಿಸೋಣವೆಂದು ಅದನ್ನು ಟಿವಿಗೆ ಹಾಕಿದರು. ಲಾದ್ರು ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ. ಎದ್ದು ಕುಣಿದ. ದಿಂಬು ಬೀಸಿದ. ಸೊಳ್ಳೆ ಮಾತ್ರ ಎಲ್ಲೂ ಇರಲಿಲ್ಲ. ಇವನಿಗೇನು ದೆವ್ವ ಬಡಿದಿದೆಯೇ ಎಂದು ಆಲ್ಫ್ರೆಡ್ ಕೇಳಿದಾಗ ಸೆಲಿನ್ ಚಿತ್ರವನ್ನು ಮೊದಲಿನಿಂದ ಮತ್ತೆ ಓಡಿಸಿದರು.

ಆದದ್ದು ಇಷ್ಟು. ಕಾರ್ಟೂನಿನ ಒಂದೊಂದು ಚಿತ್ರವನ್ನೂ ಸಾಮಾನ್ಯವಾಗಿ ಎರಡೆರಡು ಫ್ರೇಮುಗಳಲ್ಲಿ ಸೆರೆಹಿಡಿಯುತ್ತಿದ್ದರು. ಹಾಗಾಗಿ ಒಂದೇ ಫ್ರೇಮಿನಲ್ಲಿ ಕಂಡು ಮಾಯವಾಗುವುದೆಲ್ಲ ಧೂಳು ಎಂಬುದು ಸಾಫ್ಟ್‌ವೇರ್‌ನ ಲೆಕ್ಕ. ಆದರೆ ಸೊಳ್ಳೆ ಭರ್ರನೆ ಹಾರುವಾಗ ಆ ಕಾಲದ ಕಲಾವಿದರು ಪ್ರತಿ ಫ್ರೇಮಿಗೂ ಹೊಸದಾಗಿ ಬರೆದಿದ್ದರು. ಹಾರುವ ಸೊಳ್ಳೆಗಳನ್ನೆಲ್ಲ ಸಾಫ್ಟ್‌ವೇರ್ ನುಂಗಿತು. ಕೂತ ಸೊಳ್ಳೆಗಳನ್ನು ಅದು ಬಿಟ್ಟಿತ್ತು. "ಅವನ್ನು ನಾನೇ ಒರೆಸಿದ್ದು. ದಿಂಬಿನ ಮೇಲೆ ಬಾಲ ಎತ್ತಿ ಕೂತಿತ್ತು. ಮಲೇರಿಯಾ ಸೊಳ್ಳೆ ಹಾಗೇ ಕೂರುವುದು, ಮಂಗಳೂರಿನವರಿಗೆ ಹೇಳಿಕೊಡ್ಬೇಕಾ? ಆದ್ರೂ ಕೊಳೆ ಅಂತ ಒರೆಸಿದೆ," ಎನ್ನುತ್ತಾರೆ ಸೆಲಿನ್. ಅವರ ಬಳಿಗೆ ಚಿತ್ರ ಬರುವುದು ದನಿಯಿಲ್ಲದೆ. ನೋಡುವುದೂ ನಿಂತ ಚಿತ್ರವನ್ನೇ, ಓಡಿಸಿ ನೋಡುವ ರೂಢಿಯಿಲ್ಲ. ಮೂವತ್ತೈದು ವರ್ಷದಿಂದ ಚುಕ್ಕೆ ಕಂಡರೆ ಕೈ ತಾನಾಗಿಯೇ ಒರೆಸಲು ಹೋಗುತ್ತದೆ.

ಸೋಮವಾರ ಇದನ್ನು ಮೊದಲು ಹೇಳಿದ್ದು ಅಭಿಲಾಷ್‌ಗೆ. ಹಾಸನದ ಕಡೆಯ ಈ ಎಂಜಿನಿಯರ್ ಆ ಸಾಫ್ಟ್‌ವೇರ್ ಬರೆದವನು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತಲ್ಲ ಎಂದು ಅವನು ತಲೆ ಚಚ್ಚಿಕೊಂಡ. ಆಮೇಲೆ ದನಿ ತಗ್ಗಿಸಿ, "ಆಂಟಿ, ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ. ನೀವಾಗೇ ಯಾಕೆ ಹೇಳ್ತೀರಾ? ನಿಮ್ಮ ಕಾಂಟ್ರಾಕ್ಟ್ ಬೇರೆ ಈ ತಿಂಗಳು ಮುಗಿಯುತ್ತೆ," ಎಂದ. ಸೆಲಿನ್ ಅವನೆದುರೇ ಸಂಗ್ರಹಾಲಯಕ್ಕೆ ಮೇಲ್ ಬರೆದರು. ತಾವೇ ಒರೆಸಿದ್ದನ್ನೂ ಬರೆದರು. ಉತ್ತರ ಖಾರವಾಗಿತ್ತು. ಶನಿವಾರ ಪ್ರದರ್ಶನವಿದೆ, ಶುಕ್ರವಾರ ಐದರೊಳಗೆ ಬಂದ ಪ್ರತಿಯೇ ಸಂಗ್ರಹದಲ್ಲಿ ಶಾಶ್ವತ, ಮೂಲ ಫಿಲ್ಮು ಸ್ಕ್ಯಾನರಿನಲ್ಲಿ ಇನ್ನೊಂದು ಓಟ ತಾಳುವುದಿಲ್ಲ. ಅದೃಷ್ಟಕ್ಕೆ ಸ್ವಚ್ಛ ಮಾಡುವ ಮೊದಲಿನ ಸ್ಕ್ಯಾನ್ ಇನ್ನೂ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಸೊಳ್ಳೆಯೂ ಇದೆ, ಎಂಬತ್ತು ವರ್ಷದ ಧೂಳೂ ಇದೆ.

ಸೊಳ್ಳೆಯಿರುವ ಭಾಗ ಎಪ್ಪತ್ತು ಸೆಕೆಂಡು, ಎಂದರೆ ಸಾವಿರದ ಆರುನೂರ ಎಂಬತ್ತು ಫ್ರೇಮು. ಇವತ್ತು ಬೆಳಿಗ್ಗೆ ಇನ್ನೂ ಆರುನೂರ ನಲವತ್ತು ಉಳಿದಿವೆ. ಸೆಲಿನ್ ಒಂದು ಚುಕ್ಕೆ ಹಿಡಿದು ಹಿಂದಿನ ಫ್ರೇಮು, ಮುಂದಿನ ಫ್ರೇಮು ನೋಡಿ ಬೆರಳಿನಿಂದ ಗಾಳಿಯಲ್ಲಿ ದಾರಿ ಬರೆಯುತ್ತಾರೆ. ಧೂಳಿಗೆ ದಾರಿಯಿಲ್ಲ. ಸೊಳ್ಳೆ ಕಿವಿಯ ಹತ್ತಿರ ಸುತ್ತು ಹಾಕುತ್ತದೆ, ಕೈ ಬೀಸಿದರೆ ಹಿಂದೆ ಸರಿಯುತ್ತದೆ, ಕೈ ಇಳಿದೊಡನೆ ಅಲ್ಲಿಗೇ ಬರುತ್ತದೆ.

ಈ ದಾರಿ ಅವರಿಗೆ ಕಂಠಪಾಠ. ತೊಂಬತ್ತರ ದಶಕದಲ್ಲಿ ಮಂಗಳೂರಿನ ತುಂಬ ಕಟ್ಟಡಗಳು ಏಳುತ್ತಿದ್ದಾಗ ನಿಂತ ನೀರಿಗೂ ಜ್ವರಕ್ಕೂ ಕೊರತೆಯಿರಲಿಲ್ಲ. ಸೆಲಿನ್‌ಗೆ ಎರಡು ಸಲ ಮಲೇರಿಯಾ ಬಂತು, ಹೋಯಿತು. ತಮ್ಮ ನೆಲ್ಸನ್‌ಗೆ ಒಂದೇ ಸಲ ಬಂತು, ತಲೆಗೇರಿತು. ಹತ್ತೊಂಬತ್ತು ವರ್ಷದವನು ಐದು ದಿನದಲ್ಲಿ ಹೊರಟುಹೋದ. ಪರದೆಯೊಳಗೆ ಸೆಕೆ ಎಂದು ಅವನೂ ಕಾಲಿನಿಂದ ಒದ್ದೇ ಮಲಗುತ್ತಿದ್ದ. "ಅಮ್ಮ ಬೈದ್ರು, ನಾನು ಬೈದೆ. ಆಸ್ಪತ್ರೆ ಗೋಡೆಯಲ್ಲಿ ಹೆದರಿಸುವ ಪೋಸ್ಟರ್ ಇತ್ತು, ಅದನ್ನು ಯಾರು ನೋಡ್ತಾರೆ? ಅವನಿಗೆ ನಗುವುದು ಅಂದ್ರೆ ಪ್ರಾಣ. ನಗಿಸಿ ಹೇಳುವವರು ಒಬ್ರೂ ಇರ್ಲಿಲ್ಲ," ಎನ್ನುತ್ತಾ ಸೆಲಿನ್ ಮುಂದಿನ ಫ್ರೇಮಿಗೆ ಹೋಗುತ್ತಾರೆ. ಸೊಳ್ಳೆಯನ್ನೇ ಅಳಿಸಿದ ಈ ಪಾಠ ಶಾಶ್ವತವಾಗಿ ಉಳಿದರೆ ತಮಗೆ ಅನ್ನ ಇಳಿಯುವುದಿಲ್ಲ ಎನ್ನುತ್ತಾರೆ.

ಶುಕ್ರವಾರ ಸಂಜೆ ನಾಲ್ಕಕ್ಕೆ ಕೊನೆಯ ಫ್ರೇಮು ಮುಗಿಯುತ್ತದೆ. ಅಭಿಲಾಷ್ ಬಂದು ಹಿಂದೆ ನಿಲ್ಲುತ್ತಾನೆ. ಈ ಸಲ ಸೆಲಿನ್ ಓಡಿಸಿಯೇ ನೋಡುತ್ತಾರೆ. ಲಾದ್ರು ಪರದೆ ಒದೆಯುತ್ತಾನೆ, ಚುಕ್ಕೆಯೊಂದು ಕಿವಿಯ ಸುತ್ತ ಸುಳಿದು ಮೂಗಿನ ತುದಿಯಲ್ಲಿ ಬಾಲ ಎತ್ತಿ ಕೂರುತ್ತದೆ, ಲಾದ್ರು ತನ್ನ ಮೂಗಿಗೇ ಗುದ್ದಿಕೊಳ್ಳುತ್ತಾನೆ. ಅಭಿಲಾಷ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಸೆಲಿನ್ ಚಿತ್ರವನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಾರೆ. ಅವರ ಕಣ್ಣು ತುಂಬಿದೆ.

ಆದರೂ ಹದಿನಾಲ್ಕು ಚುಕ್ಕೆಗಳು ಬಗೆಹರಿಯದೆ ಉಳಿದಿವೆ. ಹಿಂದೆ ಮುಂದೆ ಎಷ್ಟು ನೋಡಿದರೂ ಧೂಳೋ ಸೊಳ್ಳೆಯೋ ತಿಳಿಯದು. ಒರೆಸಿಬಿಟ್ಟರೆ ಚಿತ್ರ ನೀಟಾಗಿ ಕಾಣುತ್ತದೆ, ಸಂಗ್ರಹಾಲಯದವರು ಮೊದಲೇ ಸಿಟ್ಟಿನಲ್ಲಿದ್ದಾರೆ ಎಂದು ಅಭಿಲಾಷ್ ನೆನಪಿಸುತ್ತಾನೆ. ಸೆಲಿನ್ ಎದ್ದು ಎರಡು ಸುತ್ತು ಹಾಕುತ್ತಾರೆ. ಗಡಿಯಾರ ನಾಲ್ಕೂ ನಲವತ್ತು ತೋರಿಸುತ್ತಿದೆ.

ಪ್ರತಿಯ ಜೊತೆ ಕಳಿಸಬೇಕಾದ ಫಾರಂನಲ್ಲಿ ಉಳಿದ ದೋಷಗಳೆಷ್ಟು ಎಂಬ ಕಾಲಂ ಇದೆ. ಹನ್ನೊಂದು ವರ್ಷ ಅದರಲ್ಲಿ ಸೊನ್ನೆಯನ್ನಷ್ಟೇ ಬರೆದ ಸೆಲಿನ್ ಈಗ ಹದಿನಾಲ್ಕು ಎಂದು ಬರೆಯುತ್ತಾರೆ. ಹೊಣೆ ಯಾರದು ಎಂಬಲ್ಲಿ ಎಂದಿನಂತೆ ಇನಿಷಿಯಲ್‌ನ ಎರಡಕ್ಷರ ಗೀಚದೆ ಹೆಸರು ಪೂರ್ತಿ ತುಂಬುತ್ತಾರೆ. ಫೈಲು ಹೋದಮೇಲೆ ಮೊದಲ ಸಲ ಕುರ್ಚಿಗೆ ಬೆನ್ನು ಆನಿಸಿ ಕೂರುತ್ತಾರೆ.

"ಧೂಳಾದ್ರೆ ನನಗೆ ಬೈಯಲಿ," ಎನ್ನುತ್ತಾರೆ. "ಸೊಳ್ಳೆ ಆದ್ರೆ ಅದು ಅಲ್ಲಿ ಇರ್ಬೇಕು."