ಎದುರುಗಾಳಿಗೆ ಎದೆಗೊಟ್ಟ ದಿನ

ಬೆನ್ನ ಹಿಂದಿನಿಂದ ಬೀಸುವ ಗಾಳಿಗೆ ಸದ್ದಿರುವುದಿಲ್ಲ. ಆದ್ದರಿಂದಲೇ ಸೈಕಲ್ ಸವಾರ ಅದನ್ನು ತನ್ನ ಕಾಲುಗಳ ಪರಾಕ್ರಮವೆಂದು ನಂಬಿಬಿಡುತ್ತಾನೆ. ಐವತ್ತೆಂಟರ ವಯಸ್ಸಿನಲ್ಲಿ, ಹೆಂಡತಿ ಗಿರಿಜೆಯೊಡನೆ ಹಿರಿಯೂರಿನಿಂದ ಹಾಸನದ ನಮ್ಮ ಮನೆಯವರೆಗೆ ಸೈಕಲ್ಲಿನಲ್ಲೇ ಬರುವ ಸಂಕಲ್ಪ ತೊಟ್ಟ ನನ್ನ ಈ ನಂಬಿಕೆ ಅಳಿದದ್ದು ಎರಡನೆಯ ದಿನ, ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ.

ಆಷಾಢ ಮಾಸ. ತೆಂಗಿನ ತೋಟವಿದ್ದಷ್ಟು ದೂರ ಗಾಳಿ ಮೇಲೆ ಗರಿಗಳಲ್ಲೇ ಗದ್ದಲವೆಬ್ಬಿಸಿಕೊಂಡಿರುತ್ತಿತ್ತು. ತೋಟ ಮುಗಿದು ರಾಗಿ ಹೊಲ ಬಂತೆಂದರೆ ನೇರ ನನ್ನ ಎದೆಗೇ ಕೈಯಿಟ್ಟು ತಳ್ಳುತ್ತಿತ್ತು. ಎರಡು ನಿಮಿಷಕ್ಕೊಮ್ಮೆ ಮೊಬೈಲ್ ನೋಡಿದರೂ ಆ ರಾತ್ರಿ ತಂಗಬೇಕಿದ್ದ ತಿಪಟೂರು ಇದ್ದಲ್ಲೇ ಇತ್ತು.

"ರೀ, ಸ್ವಲ್ಪ ಹೊತ್ತು ನಾನು ಮುಂದೆ ಹೋಗ್ತೀನಿ, ನನ್ನ ಮರೆಗೆ ಬನ್ನಿ" ಎಂದು ಗಿರಿಜೆ ಬೆಳಗಿನಿಂದ ಮೂರು ಸಲ ಹೇಳಿದ್ದಳು. ನಾಲ್ಕನೆಯ ಸಲಕ್ಕೆ, "ನಂಗೇನೂ ಆಗಿಲ್ಲ, ಸುಮ್ನೆ ಬಾ" ಎಂದು ಗದರಿ, ಅವಳನ್ನು ಹಿಂದೆ ಬಿಟ್ಟು ರೋಷದಿಂದ ತುಳಿದೆ. ಮುಂದಿನ ಊರು ಶೆಟ್ಟಿಕೆರೆ ಕಾಣುವ ಮೊದಲೇ ಮೀನಖಂಡ ಹಿಡಿದುಕೊಂಡು, ಪೌರುಷಸಮೇತನಾಗಿ ರಸ್ತೆಬದಿಯ ಹುಲ್ಲಿನ ಮೇಲೆ ಉರುಳಿದೆ.

ಗಿರಿಜೆ ಬಂದವಳೇ ನನ್ನ ಕಾಲು ತಿಕ್ಕತೊಡಗಿದಳು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ತೋಟದಲ್ಲಿ ಬಿದ್ದ ಗರಿ ಎಳೆದುಹಾಕುತ್ತಿದ್ದ ಮುದುಕಿಯೊಬ್ಬಳು ಬೇಲಿಯ ಬಳಿ ಬಂದು ನಿಂತಳು.

"ಆಷಾಡದ ಗಾಳಿ ಕಣಪ್ಪ. ನೀ ಕ್ವಾಪ ಮಾಡ್ಕಂಡ್ರೆ ಅದೇನ್ ನಿಲ್ತದಾ? ಅವ್ವ ಮುಂದ್ಕೋಗ್ಲಿ ಬುಡು."

"ಬೆಳಗಿಂದ ನಾನೂ ಅದನ್ನೇ ಹೇಳ್ತಿದೀನಿ ಕಣಜ್ಜಿ" ಎಂದಳು ಗಿರಿಜೆ.

ಇಬ್ಬರು ಹೆಂಗಸರ ತೀರ್ಪಿನ ಮೇಲೆ ಮೇಲ್ಮನವಿ ಸಾಧ್ಯವಿರಲಿಲ್ಲ. ಅವಳ ಹಿಂದೆ ಹೊರಟೆ. ಗಾಳಿ ಅವಳಿಗೆ ಬಡಿದು, ನನ್ನ ಎರಡು ಪಕ್ಕಗಳಲ್ಲಿ ಹರಿದುಹೋಗುತ್ತಿತ್ತು. ಆ ಸುಖಕ್ಕೆ ನಾಚಿಕೆಯಾಗುತ್ತಿತ್ತು, ಆದರೂ ಸುಖವೇ. ಅವಳ ಹಿಂಚಕ್ರ ನನ್ನಿಂದ ಒಂದು ಮೊಳ ದೂರದಲ್ಲಿದ್ದುದರಿಂದ ಮೊಬೈಲಿನ ಕಡೆ ಕಣ್ಣು ಹಾಯಿಸುವಂತಿರಲಿಲ್ಲ. ಇನ್ನೆಷ್ಟು ದೂರವೆಂಬ ಚಡಪಡಿಕೆ ಆ ಚಕ್ರದ ಕಡ್ಡಿಗಳಲ್ಲಿ ಸುತ್ತಿಕೊಂಡು ಎಲ್ಲೋ ಸವೆದುಹೋಯಿತು. ಉಳಿದದ್ದು ಒಂದೇ ಕಳವಳ: ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಗದರಿದ್ದನ್ನು ಇನ್ನೂ ಮರೆತಿಲ್ಲವೆಂದುಕೊಂಡೆ.

ತಿಪಟೂರಿನ ಹೋಟೆಲೊಂದರ ಮುಂದೆ ಇಳಿದಾಗ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲಾಗದಷ್ಟು ಅವಳ ಬೆರಳುಗಳು ಮರಗಟ್ಟಿದ್ದವು. ನಾನೇ ಬಿಚ್ಚಿದೆ. ಧೂಳಿಗೆ ಅವಳ ಕಣ್ಣುಗಳು ಕೆಂಪಾಗಿದ್ದವು.

"ಕೋಪ ಹೋಗಿಲ್ವಾ?"

"ಕೋಪ ಮಾಡ್ಕೊಳ್ಳೋಕೆ ಉಸಿರೆಲ್ಲಿತ್ತು? ಶೆಟ್ಟಿಕೆರೇಲಿ ಬಸ್ ನಿಂತಿತ್ತು, ನೋಡಿದ್ರಾ? ಹಿಂದೆ ನೀವು ಬರ್ತಾ ಇಲ್ದಿದ್ರೆ ಹತ್ಬಿಡ್ತಿದ್ದೆ."

ಬಸ್ಸನ್ನು ನಾನು ನೋಡಿಯೇ ಇರಲಿಲ್ಲ. ಅವಳಿಗೂ ದಣಿವಾದೀತೆಂಬುದು ದಾರಿಯುದ್ದಕ್ಕೂ ನನಗೆ ಹೊಳೆದಿರಲಿಲ್ಲ.

"ನಾಳೆ ನಾನು ಮುಂದೆ" ಎಂದೆ.

ಅವಳು ಕುಂಟುತ್ತಿದ್ದ ನನ್ನ ಕಾಲನ್ನೊಮ್ಮೆ ನೋಡಿದಳು.

"ಊರು ದಾಟೋವರೆಗೂ ಹೋಗಿ, ಸಾಕು."