ಖಾನಾವಳಿಯ ಸಣ್ಣಕ್ಕಿ ವಾಸನೆ

ವಿಜಯನಗರದಿಂದ ಅತ್ತಿಗುಪ್ಪೆಗೆ ಹೋಗುವ ದಾರಿಯಲ್ಲಿ, ಟ್ರಸ್ಟ್ ಬೋರ್ಡಿನವರು ಕಲ್ಲು ನೆಟ್ಟು ಬಿಟ್ಟುಹೋಗಿದ್ದ ಸೈಟುಗಳ ನಡುವೆ ಒಂದು ಹೆಂಚಿನ ಮನೆ ಇತ್ತು. ಅದರ ಹಿಂದೆ ಹಳೆಯ ಅತ್ತಿ ಮರ, ಆಚೆಗೆ ರಾಗಿ ಹೊಲ. ಮನೆಯ ಮುಂದೆ ಬೋರ್ಡು ಇರಲಿಲ್ಲ. ಸಂಜೆಯಾದರೆ ರೊಟ್ಟಿ ಬಡಿಯುವ ಸದ್ದು ಬೀದಿಯ ತಿರುವಿನವರೆಗೂ ಕೇಳುತ್ತಿದ್ದುದರಿಂದ ಬೋರ್ಡಿನ ಅಗತ್ಯವೂ ಇರಲಿಲ್ಲ. ಅದು ನೀಲಗಂಗಮ್ಮನವರ ಖಾನಾವಳಿ.

ನೀಲಗಂಗಮ್ಮ ರೋಣದ ಕಡೆಯವರು. ಗಂಡ ಗುರುಬಸಪ್ಪನವರಿಗೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ಬೆಂಗಳೂರಿಗೆ ಬಂದವರು. ಹೊಸದರಲ್ಲಿ ಊರ ಕಡೆಯ ಹುಡುಗನೊಬ್ಬ ಹೋಟೆಲಿನ ಅನ್ನ ತಿಂದು ಸೊರಗಿದ್ದಾನೆಂದು ಕರೆದು ರೊಟ್ಟಿ ಹಾಕಿದರು. ಮರುದಿನ ಅವನು ಗೆಳೆಯನನ್ನೂ ಕರೆತಂದ. ಆ ಗೆಳೆಯನಿಗೊಬ್ಬ ಅಣ್ಣನಿದ್ದ. ಖಾನಾವಳಿ ನಡೆಸಬೇಕೆಂದು ಅವರು ಯಾವತ್ತೂ ತೀರ್ಮಾನ ಮಾಡಿದ್ದಿಲ್ಲ. ನೋಡುನೋಡುತ್ತ ಪಡಸಾಲೆ ತುಂಬಿಹೋಗಿತ್ತು, ಅಷ್ಟೆ.

ನಾನು ಮಾಗಡಿ ಸೀಮೆಯಲ್ಲಿ ಮುದ್ದೆ ಉಂಡು ಬೆಳೆದವನು. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಮೇಷ್ಟ್ರ ಕೆಲಸ ಸಿಕ್ಕ ಮೇಲೆ ಅಲ್ಲಿ ಊಟಕ್ಕೆ ಸೇರಿದೆ. ಮೊದಲ ದಿನ, ಒಣಗಿಸಿ ಗಟ್ಟಿಯಾದ ಜೋಳದ ಕಟಿರೊಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಯೋಚಿಸುತ್ತಿದ್ದಾಗ ಅವರೇ ಬಂದು ಮುರಿದು ತೋರಿಸಿದರು.

"ಅದೇನು ಮುರದ್ರ ಅಳಂಗಿಲ್ಲ ಮಾಸ್ತರ. ಜೋರಾಗಿ ಮುರೀರಿ."

ಅವರ ಮನೆಯಲ್ಲಿ ಒಂದೇ ಕಟ್ಟುನಿಟ್ಟು. ಯಾರೇ ಬರಲಿ, ಒಂದೇ ಸಾಲು, ಒಂದೇ ಪಾತ್ರೆ, ಒಂದೇ ಅಡುಗೆ. ಮಿಕ್ಕಿದ್ದನ್ನೇ ಗಂಡ ಹೆಂಡತಿ ಕೊನೆಗೆ ಕೂತು ಉಣ್ಣುತ್ತಿದ್ದರು. ಇದರ ಹಿಂದೆ ಒಂದು ಕಥೆ ಇತ್ತು. ಅವರು ಚಿಕ್ಕವರಿದ್ದಾಗ ದೊಡ್ಡ ಮನೆತನದ ಬಂಧುಗಳ ಮದುವೆಗೆ ಹೋಗಿದ್ದರಂತೆ. ತುಪ್ಪ ಬಡಿಸುತ್ತ ಬಂದವನು ಇವರ ಅವ್ವನ ಎಲೆಯ ಹತ್ತಿರ ಬಂದಾಗ ಗಿಂಡಿಯನ್ನು ನೆಟ್ಟಗೆ ಮಾಡಿಕೊಂಡು ಮುಂದೆ ಹೋದನಂತೆ. ಅವ್ವ ತುಪ್ಪವಿಲ್ಲದ ಅನ್ನವನ್ನೇ ಉಂಡು ಎದ್ದಳು. "ನಮ್ಮವ್ವ ಅವತ್ತ ಉಂಡಿದ್ದು ನನಗ ಇನ್ನೂ ಅರಗಿಲ್ಲ ನೋಡ್ರಿ" ಎಂದು ನೀಲಗಂಗಮ್ಮ ಒಮ್ಮೆ ಹೇಳಿದ್ದರು. ಪಂಕ್ತಿಭೇದ ಎಂಬ ಮಾತು ಅವರ ಕಿವಿಗೆ ಕಳ್ಳತನಕ್ಕಿಂತ ಕೆಟ್ಟದ್ದಾಗಿ ಕೇಳುತ್ತಿತ್ತು.

ನಮ್ಮ ಸಾಲಿನಲ್ಲಿ ಜಂಬಣ್ಣ ಎಂಬವನಿದ್ದ. ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಗಂಗಾವತಿಯ ಕಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆಯವನು. ಅಕ್ಕಿಯ ವಿಷಯದಲ್ಲಿ ಅವನ ಮೂಗೇ ಪ್ರಮಾಣ. ಬೇಯುವ ಅನ್ನದ ವಾಸನೆ ಹಿಡಿದು ಅದು ಹೊಸದೋ ಹಳೆಯದೋ, ಯಾವ ನೀರಿನದು ಎಂದೆಲ್ಲ ಹೇಳುತ್ತಿದ್ದ. ಅದು ಎಪ್ಪತ್ತನಾಲ್ಕರ ಸುಮಾರು. ರೇಷನ್ನಿನ ದಪ್ಪ ಅಕ್ಕಿ ಸಿಕ್ಕರೇ ಪುಣ್ಯ ಎನ್ನುವ ಕಾಲ. ಒಂದು ಸಂಜೆ ಜಂಬಣ್ಣ ತುತ್ತನ್ನು ಬಾಯಿಯ ಹತ್ತಿರ ತಂದು ನಿಲ್ಲಿಸಿದ.

"ಸಣ್ಣಕ್ಕಿ" ಎಂದ.

"ನಿನ್ನ ತಟ್ಟೇಲಿರೋದು ಜೋಳ ಕಣಯ್ಯ" ಎಂದ ಪಕ್ಕದಲ್ಲಿದ್ದ ವೆಂಕಟಗಿರಿ. ಇವನು ಜ್ಞಾನಭಾರತಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಹುಡುಗ, ರೊಟ್ಟಿಯ ರುಚಿಗೆ ಬಿದ್ದು ನಮ್ಮ ಜೊತೆ ಸೇರಿದ್ದ.

"ತಟ್ಟಿಯಾಗಲ್ಲೋ, ಒಳಗ ಬೇಯಾಕತ್ತೈತಿ. ಗಮ ಗಮ ಅಂತೈತಿ."

ನಾವೂ ಮೂಗೆತ್ತಿದೆವು. ಹೌದು, ಈಗಷ್ಟೇ ಬಸಿದ ಸಣ್ಣಕ್ಕಿ ಅನ್ನದ ಪರಿಮಳ. ಆದರೆ ತಟ್ಟೆಗೆ ಬಿದ್ದದ್ದು ಅದೇ ರೇಷನ್ ಅಕ್ಕಿ. ಮಾರನೆಯ ಸಂಜೆಯೂ ಹಾಗೆಯೇ. ಆಮೇಲೆ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಬಿಜಾಪುರದ ಅಣ್ಣತಮ್ಮಂದಿರಿಬ್ಬರು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. ಕೊನೆಗೆ ಜಂಬಣ್ಣ ನಗುನಗುತ್ತಲೇ ಕೇಳಿಬಿಟ್ಟ.

"ಅಕ್ಕಾರ, ಒಳಗ ಸಣ್ಣಕ್ಕಿ ಯಾರಿಗ್ರಿ? ಬೀಗರು ಬಂದಾರೇನು?"

ನೀಲಗಂಗಮ್ಮನವರ ಕೈಯಲ್ಲಿದ್ದ ಸೌಟು ನಿಂತಿತು. ಗುರುಬಸಪ್ಪನವರು ಮಜ್ಜಿಗೆಯ ಚೊಂಬು ಕೆಳಗಿಟ್ಟರು.

"ಕಾಲು ತೊಳಕೊಂಡು ಒಳಗ ಬಾ" ಎಂದರು ಆಕೆ.

ಹೊರಗಿನವರು ಅಡುಗೆಮನೆಗೆ ಕಾಲಿಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಗುರುಬಸಪ್ಪನವರೇ ಸ್ನಾನ, ಲಿಂಗಪೂಜೆ ಮುಗಿಯದೆ ಹೊಸಿಲು ದಾಟುತ್ತಿರಲಿಲ್ಲ. ಜಂಬಣ್ಣ ಅಳುಕುತ್ತ ಹೋದ. ಆಕೆ ಒಂದೊಂದೇ ಮುಚ್ಚಳ ತೆಗೆದು ತೋರಿಸಿದರು. ಪುಂಡಿಸೊಪ್ಪಿನ ಪಲ್ಲೆ, ಬೇಳೆ, ದಪ್ಪ ಅಕ್ಕಿಯ ಅನ್ನ, ಅಷ್ಟೇ. ಆದರೆ ಎಡವಟ್ಟಾದದ್ದು ಅಲ್ಲೇ. ಪಡಸಾಲೆಗಿಂತ ಅಡುಗೆಮನೆಯಲ್ಲೇ ಆ ಪರಿಮಳ ಹೆಚ್ಚಾಗಿತ್ತು. ಜಂಬಣ್ಣನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೊರಗೆ ಬಂದು ತಲೆ ತಗ್ಗಿಸಿ ಕೂತ. ಅಣ್ಣತಮ್ಮಂದಿರು ಅದನ್ನೇ ಉತ್ತರವೆಂದು ತಿಳಿದರು. ಮರುದಿನದಿಂದ ಅವರು ಊಟಕ್ಕೆ ಬರಲಿಲ್ಲ. ವಿಜಯನಗರದ ಹೋಟೆಲೊಂದಕ್ಕೆ ಹೋದರು. ಹೋಗುವಾಗ, ಆ ಮನೆಯಲ್ಲಿ ಸಣ್ಣಕ್ಕಿ ಬಚ್ಚಿಟ್ಟು ಉಣ್ಣುತ್ತಾರೆಂದು ಒಂದಿಬ್ಬರ ಹತ್ತಿರ ಹೇಳಿಯೂ ಹೋದರು.

"ಬಚ್ಚಿಟ್ಟು ಉಂಡಾಕಿ ಅಂತ ಅನ್ನಿಸಿಕೊಂಡು ನಾ ರೊಟ್ಟಿ ಬಡಿಯಂಗಿಲ್ಲ" ಎಂದರು ನೀಲಗಂಗಮ್ಮ. "ಈ ವಾಸನಿ ಎಲ್ಲಿಂದ ಬರತೈತಿ ಅಂತ ತಿಳೀಲಿಲ್ಲಂದ್ರ ಸೋಮವಾರದಿಂದ ಒಲಿ ಹಚ್ಚಂಗಿಲ್ಲ. ನೀವೆಲ್ಲಾ ಬ್ಯಾರೆ ಕಡೆ ನೋಡ್ಕೋರಿ."

ಗುರುಬಸಪ್ಪನವರು ಸಾಮಾನ್ಯವಾಗಿ ಮಾತಾಡುವವರಲ್ಲ. ಅವತ್ತು ಮಾತ್ರ "ಅಕೀ ಹೇಳಿದ್ರ ಮುಗೀತು" ಎಂದರು.

ಭಾನುವಾರ ಸಂಜೆ ಖಾನಾವಳಿಗೆ ರಜ. ಬೆಳಗಿನಿಂದ ಒಲೆ ಹೊತ್ತಿಸದೆ, ಬೂದಿ ತೆಗೆದು ಸಾರಿಸಿ, ನಮ್ಮನ್ನು ಕರೆಸಿದರು. ಜಂಬಣ್ಣನನ್ನು ತಣ್ಣನೆಯ ಅಡುಗೆಮನೆಯಲ್ಲಿ ಒಬ್ಬನನ್ನೇ ಕೂರಿಸಿ, "ನಿನ್ನ ಮೂಗೇ ಹಚ್ಚಿದ್ದು ಇದು, ನಿನ್ನ ಮೂಗೇ ಆರಿಸಲಿ" ಎಂದರು. ನಾವು ಹೊಸಿಲಾಚೆ ನಿಂತೆವು. ಹೊತ್ತು ಇಳಿಯುತ್ತ ಬಂತು. ಮೆಲ್ಲಗೆ, ಒಲೆಯಲ್ಲಿ ಕಿಡಿಯಿಲ್ಲದೆ, ಅನ್ನದ ಪರಿಮಳ ಬಂತು.

ಜಂಬಣ್ಣ ಎದ್ದ. ಮೂಗನ್ನು ಮುಂದೆ ಮಾಡಿಕೊಂಡು ಗೋಡೆಯ ಪಕ್ಕ ನಡೆದ, ಏಣಿ ಹತ್ತಿದ, ಖಾಲಿ ಜೋಳದ ಚೀಲ ಒಟ್ಟಿದ್ದ ಅಟ್ಟದೊಳಗೆ ತಲೆ ಹಾಕಿದ. ಸ್ವಲ್ಪ ಹೊತ್ತು ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಆಮೇಲೆ ಆ ಕಾಲುಗಳು ಏಣಿಯ ಮೆಟ್ಟಿಲನ್ನು ಗಾಳಿಯಲ್ಲಿ ಹುಡುಕತೊಡಗಿದವು.

"ಏನೈತೋ?" ಎಂದರು ನೀಲಗಂಗಮ್ಮ.

"ನನ್ನ ನೋಡಾಕತ್ತೈತಿ" ಎಂದ ಜಂಬಣ್ಣ, ಪಿಸುದನಿಯಲ್ಲಿ.

ಅಷ್ಟರಲ್ಲಿ ಅದೇ ಹೊರಗೆ ಬಂತು. ತೊಲೆಯ ಮೇಲೆ ನಿಧಾನವಾಗಿ ನಡೆದು ನಮ್ಮ ತಲೆಯ ನೇರಕ್ಕೆ ನಿಂತಿತು. ಬೆಕ್ಕಿಗಿಂತ ಉದ್ದ ಮೈ, ಗಿಡ್ಡ ಕಾಲು, ಮೈಯಷ್ಟೇ ಉದ್ದದ ಬಾಲ. ಬೂದು ಬಣ್ಣದ ಮೈಮೇಲೆ ಮಸುಕು ಚುಕ್ಕೆ. ಮುಖದ ಸುತ್ತ ಯಾರೋ ಮಸಿ ಬಳಿದ ಹಾಗಿತ್ತು.

"ಚುಕ್ಕಿ ಐತಿ. ಚಿರತಿ ಮರಿ" ಎಂದ ಜಂಬಣ್ಣ, ಏಣಿಯ ಬುಡದಿಂದ.

"ಮೂತಿ ನೋಡಿದ್ರ ಮುಂಗುಲಿ" ಎಂದರು ಗುರುಬಸಪ್ಪನವರು.

ನನಗೆ ಕಂಡದ್ದು ಕಾಡುಬೆಕ್ಕು. ಎಲ್ಲರೂ ವೆಂಕಟಗಿರಿಯ ಕಡೆ ತಿರುಗಿದೆವು.

"ನನ್ನನ್ನ ಯಾಕೆ ನೋಡ್ತೀರಿ ಸಾರ್? ನಾನು ಕೊಯ್ದು ನೋಡಿರೋದು ಕಪ್ಪೆ, ಜಿರಲೆ."

ಅದು ನಮ್ಮ ಚರ್ಚೆಯನ್ನು ಕೇಳಿ ಬೇಸತ್ತಂತೆ ಒಡೆದ ಹೆಂಚಿನ ಸಂದಿಯಿಂದ ನುಸುಳಿ ಅತ್ತಿ ಮರಕ್ಕೆ ಹೋಯಿತು. ಜಂಬಣ್ಣ ಧೈರ್ಯ ಮಾಡಿ ಅದು ಮಲಗಿದ್ದ ಚೀಲವನ್ನು ಕೆಳಗೆಳೆದು ಮೂಗಿಗೆ ಹಿಡಿದ. ಮುಖ ಬಿಳಿಚಿತು. ನನಗೆ ಕೊಟ್ಟ. ನಾನು ವೆಂಕಟಗಿರಿಗೆ ಕೊಟ್ಟೆ. ಪಂಕ್ತಿಯಲ್ಲಿ ಕೂರುವ ನಾವೆಲ್ಲ ಸಾಲಾಗಿ ನಿಂತು ಒಂದು ಗೋಣಿಚೀಲವನ್ನು ಮೂಸಿದೆವು. ಅದರಲ್ಲಿ ಬಸಿದ ಸಣ್ಣಕ್ಕಿ ಅನ್ನದ ಪರಿಮಳವಿತ್ತು.

ನೀಲಗಂಗಮ್ಮ ಮಾತ್ರ ಮೂಸಲಿಲ್ಲ. "ನೀವು ನಂಬಿದ್ರಿ. ಬಿಟ್ಟು ಹೋದವರು ನಂಬ್ತಾರೇನು? ಬೆಕ್ಕಿನ ಮೈಯಾಗ ಅನ್ನದ ವಾಸನಿ ಬಂತು ಅಂದ್ರ ನಾನಾದ್ರೂ ನಂಬಂಗಿಲ್ಲ. ಅದರ ಹೆಸರು ಹೇಳ್ರಿ."

ಸೋಮವಾರ ಮಧ್ಯಾಹ್ನ, ನಾವು ಕೆಲಸದ ಬಿಡುವಿನಲ್ಲಿ ಖಾನಾವಳಿಗೆ ಬಂದಿದ್ದಾಗ, ವೆಂಕಟಗಿರಿ ಗ್ರಂಥಾಲಯದಿಂದ ದಪ್ಪ ಪುಸ್ತಕವೊಂದನ್ನು ಎದೆಗವುಚಿಕೊಂಡು ಬಂದ. ಚಿತ್ರ ನೋಡಿದ ಕೂಡಲೇ ಜಂಬಣ್ಣ "ಇವನೇ" ಎಂದ, ಪೊಲೀಸ್ ಠಾಣೆಯಲ್ಲಿ ಗುರುತು ಹಿಡಿಯುವವನ ಹಾಗೆ.

"ಪುನುಗಿನ ಬೆಕ್ಕಿನ ಜಾತಿ ಸಾರ್. ಮರದ ಮೇಲೇ ಬಾಳುತ್ತೆ, ಅತ್ತಿ ಹಣ್ಣು ಅಂದ್ರೆ ಪ್ರಾಣ. ಹಗಲೆಲ್ಲ ಮಲಗಿ ಸಂಜೆಗೆ ಏಳುತ್ತೆ. ಬಾಲದ ಬುಡದಲ್ಲಿ ಗ್ರಂಥಿ ಇದೆ, ಓಡಾಡೋ ಕಡೆ ಆ ವಾಸನೆ ಹಚ್ಚಿ ಹೋಗುತ್ತೆ. ನಮ್ಮ ಮೇಷ್ಟ್ರನ್ನೂ ಕೇಳ್ದೆ. ಅನ್ನ ಬೆಂದ ಹಾಗೇ ಇರುತ್ತೆ ಅಂದ್ರು."

"ಕಾಡು ಪ್ರಾಣಿ ಇಲ್ಲಿಗ್ಯಾಕ ಬಂತು?"

"ಅದು ಎಲ್ಲಿಗೂ ಬಂದಿಲ್ಲ ಅಮ್ಮ. ನಾವು ಬಂದಿರೋದು."

ಜಂಬಣ್ಣ ಒಂದು ಕಂಕುಳಲ್ಲಿ ಪುಸ್ತಕ, ಇನ್ನೊಂದರಲ್ಲಿ ಗೋಣಿಚೀಲ ಇಟ್ಟುಕೊಂಡು ಆ ಹೋಟೆಲಿಗೆ ಹೊರಟ. ಊಟಕ್ಕೆ ಕೂತಿದ್ದ ಅಣ್ಣತಮ್ಮಂದಿರಿಗೆ ಎಲೆಯ ಮುಂದೆಯೇ ಚೀಲ ಹಿಡಿದು ಮೂಸಿಸಿದನಂತೆ. ಹೋಟೆಲಿನವನು ಮೂವರನ್ನೂ ಹೊರಗೆ ಕಳಿಸಿದನಂತೆ.

ಅವತ್ತು ಸಂಜೆ ಒಲೆ ಹೊತ್ತಿತು. ಅಣ್ಣತಮ್ಮಂದಿರು ಬಾಗಿಲಲ್ಲಿ ನಿಂತರು. ನೀಲಗಂಗಮ್ಮ ಎರಡು ತಟ್ಟೆ ಹೆಚ್ಚಿಗೆ ಇಟ್ಟರು. ಜಂಬಣ್ಣ ಮಾತ್ರ ಕೂರಲೊಪ್ಪದೆ ಕೈ ಕಾಲು ತೊಳೆದು ಬಂದು ನಿಂತ.

"ಅಕ್ಕಾರ, ತಪ್ಪಾತು. ಇವತ್ತ ನಾ ಬಡಸ್ತೀನಿ. ನೀವು ಸಾಲಿನ್ಯಾಗ ಕೂಡ್ರಿ."

ಎಷ್ಟು ಬೇಡವೆಂದರೂ ಕೇಳಲಿಲ್ಲ. ಗುರುಬಸಪ್ಪನವರು ತಾವೇ ಮೊದಲು ಕೂತು ಪಕ್ಕದಲ್ಲಿ ಜಾಗ ಬಿಟ್ಟರು. ಸಾಲಿನ ಕೊನೆಯಲ್ಲಿ ಅವರ ಪಕ್ಕ, ಸೆರಗು ಸರಿಮಾಡಿಕೊಂಡು ನೀಲಗಂಗಮ್ಮ ಕೂತರು. ಜಂಬಣ್ಣ ರೊಟ್ಟಿಯ ಬುಟ್ಟಿ ಹಿಡಿದು ನಮ್ಮನ್ನೆಲ್ಲ ದಾಟಿ ನೇರವಾಗಿ ಅವರ ಮುಂದೆ ಬಗ್ಗಿದ. ತಟ್ಟೆಗೆ ಎರಡು ರೊಟ್ಟಿ ಹಾಕಿ, ಮೇಲೆ ಬೆಣ್ಣೆಯ ಮುದ್ದೆಯನ್ನೂ ಇಟ್ಟ.

ಆಕೆ ಅದನ್ನು ನೋಡಿದರು. ಬರಿದಾಗಿದ್ದ ನಮ್ಮ ತಟ್ಟೆಗಳನ್ನು ನೋಡಿದರು. ರೊಟ್ಟಿ ಬೆಣ್ಣೆ ಎರಡನ್ನೂ ಎತ್ತಿ ಅವನ ಬುಟ್ಟಿಗೆ ವಾಪಸು ಹಾಕಿದರು.

"ತಮ್ಮಾ, ಆ ತುದಿಯಿಂದ ಬಾ" ಎಂದರು.