ಏನೂ ಇಲ್ಲ ಎಂದ ಚಿತ್ರ

ಅತ್ತೆ ಖಡಕ್ ರೊಟ್ಟಿ ಮುರಿಯುವ ಸಪ್ಪಳ ಕೇಳಿದ ಮೇಲೆಯೇ ನಾನು ಬಸ್ಸಿಗೆ ಹೊರಡುವುದು. ಕೊಪ್ಪಳದ ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇದೇ ರೂಢಿ. ಬಿಸಿ ರೊಟ್ಟಿ ಅವರಿಗೆ ಸೇರುವುದಿಲ್ಲ. ಹಿಂದಿನ ದಿನ ಬಡಿದು, ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿದ ಜೋಳದ ರೊಟ್ಟಿಯೇ ಆಗಬೇಕು. ನಾನು ಒಳಗೆ ನನ್ನ ಡಬ್ಬಿಗೆ ಪಲ್ಯ ತುಂಬುವ ಹೊತ್ತಿಗೆ ಪಡಸಾಲೆಯಲ್ಲಿ ಕಟ್ ಎಂದು ಒಂದು ಸಪ್ಪಳ, ಆಮೇಲೆ ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳ ತೆಗೆಯುವ ಸಪ್ಪಳ. ಅಷ್ಟು ಕೇಳಿತೆಂದರೆ ಮನೆಯಲ್ಲಿ ಎಲ್ಲ ಸರಿ ಇದೆ ಎಂದು ಚಪ್ಪಲಿ ಮೆಟ್ಟುತ್ತಿದ್ದೆ.

ಹೋದ ವರ್ಷ ದೀಪಾವಳಿ ಮುಗಿದು ಥಂಡಿ ಬೀಳುವ ಹೊತ್ತಿಗೆ ಆ ಸಪ್ಪಳ ನಿಂತಿತು. ಹೊರಗೆ ಬಂದು ನೋಡಿದರೆ ಅತ್ತೆ ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು, ಅದು ಮೆತ್ತಗಾಗುವುದನ್ನು ಕಾಯುತ್ತ ಕೂತಿದ್ದರು.

"ಹಲ್ಲು ನೋಯ್ತೈತೇನ್ರಿ ಅತ್ತಿ?"

"ಹಲ್ಲಲ್ಲ ಯವ್ವಾ, ಮಾರಿನ. ಕಿವಿಯಿಂದ ಗದ್ದದ ತನಕ ಯಾರೋ ಕಾದ ಸೂಜಿ ಎಳದಂಗ ಆಗತೈತಿ. ಎಳೀತಾರ, ಬಿಡ್ತಾರ."

ಮುಖಕ್ಕೆ ನೀರು ಹಾಕಿದರೆ ಬರುತ್ತಿತ್ತು. ಬಾಗಿಲಿಂದ ಗಾಳಿ ಬೀಸಿದರೆ, ತಲೆ ಬಾಚುವಾಗ ಬಾಚಣಿಗೆ ಬಲಗಡೆಗೆ ತಾಕಿದರೆ ಬರುತ್ತಿತ್ತು. ಬಂದಾಗ ಮಾತಾಡುತ್ತಿದ್ದವರು ಮಾತಿನ ನಡುವೆಯೇ ನಿಂತುಬಿಡುತ್ತಿದ್ದರು. ಅದು ಹೋಗುವವರೆಗೆ ನಾವೂ ಉಸಿರು ಹಿಡಿದು ನಿಲ್ಲುವುದು. ಹಲ್ಲಿನ ಡಾಕ್ಟರು ಒಂದು ದವಡೆ ಹಲ್ಲು ಕಿತ್ತರು. ನೋವು ಹೋಗಲಿಲ್ಲ. "ಹಲ್ಲು ಹೋತು, ಬಾಡಿಗಿಗೆ ಬಂದದ್ದು ಮಾತ್ರ ಮನಿ ಬಿಡವಲ್ದು" ಎಂದು ಅತ್ತೆ ತಾವೇ ನಕ್ಕರು. ನಗುವುದಕ್ಕೆ ಬಾಯಿ ಅಗಲಿಸಿದ್ದೇ ತಪ್ಪಾಯಿತು. ಮತ್ತೆ ಕೆನ್ನೆಗೆ ಕೈ ಹೋಯಿತು.

ಕೊನೆಗೆ ಕೊಪ್ಪಳದ ನರದ ಡಾಕ್ಟರು ಮೊದಲು ತಲೆಯ ಎಮ್ಮಾರೈ ಮಾಡಿಸಿಕೊಂಡು ಬನ್ನಿ ಎಂದರು. ಆ ಸಂಜೆಯಿಂದ ಮನೆಯಲ್ಲಿ ಒಂದು ಶಬ್ದ ಓಡಾಡತೊಡಗಿತು. ಗಡ್ಡಿ, ತಲೆಯೊಳಗಿನ ಗಡ್ಡೆ. ಯಾರೂ ಬಾಯಿಬಿಟ್ಟು ಆಡಲಿಲ್ಲ. ನಮ್ಮ ಮನೆಯವರು ಮುನಿರಾಬಾದಿನ ನೀರಾವರಿ ಕಚೇರಿಯಿಂದ ಬಂದವರು ಚಹಾ ಹಿಡಿದು ತಾಯಿಯ ಬಲಗೆನ್ನೆಯನ್ನೇ ನೋಡುತ್ತ ಕೂಡುತ್ತಿದ್ದರು. "ಏನ್ ನೋಡ್ತಿಯೋ, ಹೆಣ್ಣು ನೋಡಾಕ ಬಂದವರಂಗ" ಎಂದು ಅತ್ತೆ ಗದರಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು.

ನಾನು ಕುಷ್ಟಗಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಆ ವಾರವೇ ದ್ವಿತೀಯ ವರ್ಷದವರಿಗೆ ಬೆಳಕು ಮತ್ತು ದ್ರವ್ಯದ ಎರಡು ಸ್ವಭಾವಗಳ ಪಾಠ ಬಂದಿತ್ತು. ಎಲೆಕ್ಟ್ರಾನ್ ಒಂದು ಬಗೆಯ ಪ್ರಯೋಗದಲ್ಲಿ ಕಣದಂತೆ, ಇನ್ನೊಂದರಲ್ಲಿ ಅಲೆಯಂತೆ ಕಾಣುತ್ತದೆ ಎಂದು ಎಷ್ಟೋ ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಯಲಬುರ್ಗಾ ಕಡೆಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು.

"ಮೇಡಂ, ಎರಡರಾಗ ಖರೇ ಯಾವುದ್ರಿ?"

"ನೀ ಹೆಂಗ ಕೇಳ್ತಿ ಹಂಗ ಉತ್ತರ ಬರ್ತೈತಿ."

"ಕೇಳದ ಇದ್ದಾಗ ಅದು ಏನಾಗಿರ್ತೈತ್ರಿ?"

"ಅದು ಪರೀಕ್ಷಾಕ್ಕ ಬರೂದಿಲ್ಲ ಕೂಡು" ಎಂದೆ. ಹಿಂದಿನ ಬೆಂಚಿನವರು ನಕ್ಕರು. ಹುಡುಗಿಯೂ ನಕ್ಕು ಕೂತಳು.

ಬಸ್ಸಿನಲ್ಲಿ ಮರಳುವಾಗ ಅದೇ ತಲೆಯಲ್ಲಿ ತಿರುಗಿತು. ನಾಡಿದ್ದು ಅತ್ತೆಯನ್ನು ಮಲಗಿಸುವ ಯಂತ್ರ ನಿಂತಿರುವುದೇ ಈ ಕ್ವಾಂಟಮ್ ಶಾಸ್ತ್ರದ ಮೇಲೆ. ಮೈಯೊಳಗಿನ ನೀರಿನಲ್ಲಿರುವ ಹೈಡ್ರೋಜನ್ನಿನ ನ್ಯೂಕ್ಲಿಯಸ್ಸಿಗೆ ಸ್ಪಿನ್ ಎಂಬ ಒಂದು ಗುಣವಿದೆ. ತಿರುಗುವುದು ಎಂದು ಹೆಸರು, ಆದರೆ ಬುಗುರಿಯಂತೆ ಏನೂ ತಿರುಗುತ್ತಿರುವುದಿಲ್ಲ. ಹಾಗಾದರೆ ಅದು ಏನು ಎಂದು ಕೇಳಿದರೆ ಲೆಕ್ಕ ಮಾಡಿ ತೋರಿಸಬಲ್ಲೆ, ಏನೆಂದು ಹೇಳಲಾರೆ. ನನಗಿಂತ ಎಷ್ಟೋ ದೊಡ್ಡವರೂ ಅಲ್ಲಿ ಬೇರೆ ಬೇರೆ ಮಾತಾಡುತ್ತಾರೆ. ಸಮೀಕರಣದಲ್ಲಿರುವ ಅಲೆ ನಿಜವಾಗಿ ಇದೆ ಎನ್ನುವವರಿದ್ದಾರೆ, ಅದು ನಮ್ಮ ತಿಳಿವಳಿಕೆಯ ಗುರುತು ಅಷ್ಟೇ ಎನ್ನುವವರಿದ್ದಾರೆ. ಲೆಕ್ಕಕ್ಕೆ ಕೂತರೆ ಇಬ್ಬರಿಗೂ ಬರುವ ಉತ್ತರ ಒಂದೇ. ಇಷ್ಟು ದಿನ ಇದು ನನ್ನನ್ನು ಕಾಡಿದ್ದಿಲ್ಲ. ಎಲೆಕ್ಟ್ರಾನ್ ಎಲ್ಲಿದ್ದರೂ ನನ್ನ ಅಡುಗೆಮನೆಗೆ ಬಂದಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು: "ಆ ಮಷೀನು ಹೆಂಗ ನೋಡ್ತೈತಿ? ಎಕ್ಸರೇ ಬಿಟ್ಟಾ?"

"ಅಲ್ರಿ ಅತ್ತಿ. ನಿಮ್ಮ ತಲ್ಯಾಗ ನೀರು ಇರ್ತೈತಲ್ರಿ, ಅದನ್ನ ಮಾತಾಡಸ್ತೈತಿ. ದೊಡ್ಡ ಆಯಸ್ಕಾಂತದ ನಡುವ ಇಟ್ಟು ರೇಡಿಯೋ ಅಲಿ ಬಿಟ್ರ, ನೀರು ತಿರುಗಿ ಉತ್ತರ ಕೊಡ್ತೈತಿ. ಅದರಿಂದ ಚಿತ್ರ."

ಅತ್ತೆ ನೆನೆದ ರೊಟ್ಟಿಯನ್ನು ಇನ್ನಷ್ಟು ನಾದಿದರು.

"ಆ ನೀರಿಗೆ ನನ್ನ ನೋವು ಗೊತ್ತೈತೇನು?"

ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ.

ಎಮ್ಮಾರೈಗೆಂದು ಗಂಗಾವತಿಗೆ ಹೋಗುವ ಹಿಂದಿನ ದಿನವೆಲ್ಲ ಲಿಂಗದ ಮಾತೇ ಆಯಿತು. ಮೈಮೇಲೆ ಲೋಹ ಏನೂ ಇರಬಾರದು ಎಂದು ಫೋನಿನಲ್ಲೇ ಹೇಳಿದ್ದರು. ಕಿವಿಯ ಬೆಂಡೋಲೆ ಬಿಚ್ಚಿದ್ದಾಯಿತು. ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿ ಕರಡಿಗೆ, ಅದರೊಳಗೆ ಲಿಂಗ. ಚಿಕ್ಕಂದಿನಲ್ಲಿ ದೀಕ್ಷೆಯಾದಾಗ ಕಟ್ಟಿದ್ದು. ಪೂಜೆಗೂ ಇಡುವುದು ಅವರದೇ ಅಂಗೈ ಮೇಲೆ. ಮೈಯಿಂದ ಬೇರೆ ಮಾಡಿದ್ದಿಲ್ಲ.

"ಕರಡಿಗಿ ಬಿಡ್ತೀನಿ. ಲಿಂಗಾನ ಅರಿವ್ಯಾಗ ಕಟ್ಟಿ ರಟ್ಟಿಗೆ ಬಿಗೀತೀನಿ. ಕಲ್ಲಿಗೇನಾಕ್ಕೈತಿ? ನೀನ ಹೇಳು, ಸಾಲ್ಯಾಗ ಅದನ್ನ ಕಲಿಸಾಕಿ."

"ಬರೇ ಕಲ್ಲಾದ್ರ ಏನೂ ಆಗೂದಿಲ್ರಿ. ಆದ್ರ ಮ್ಯಾಲ ಕಂಥಿ ಅಂತ ಕರೀ ಲೇಪ ಹಚ್ಚಿರ್ತಾರ. ಒಳಗ ಏನೈತಿ ಅಂತ ನನಗ ಗೊತ್ತಿಲ್ಲಲ್ರಿ."

"ನನಗೂ ಗೊತ್ತಿಲ್ಲ. ಒಡದು ನೋಡಿದವರು ಯಾರದಾರ?"

ನಮ್ಮ ಮನೆಯವರು, "ನಿಮ್ಮಿಬ್ಬರದೂ ಬಗೀಹರಿಯೂದ್ರಾಗ ಸೆಂಟರ್ ಬಾಗಲಾ ಹಾಕ್ಯಾರು" ಎಂದರು.

ಮರುದಿನ ಸ್ಕ್ಯಾನ್ ಸೆಂಟರಿನಲ್ಲಿ ಅತ್ತೆಗೆ ಸೀರೆಯ ಮೇಲೆಯೇ ಒಂದು ನೀಲಿ ಗೌನು ತೊಡಿಸಿದರು. "ಮದಲಗಿತ್ತಿ ಹೆಂಗದಾಳ?" ಎಂದು ನನ್ನನ್ನು ಕೇಳಿದರು. ಟೆಕ್ನಿಶಿಯನ್ ಲಿಂಗ ಒಳಗೆ ಬೇಡ ಎಂದು ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿದ. ಅತ್ತೆ ನನ್ನನ್ನು ನೋಡಿದರು. ನಾನು ಹೇಳುವ ಮಾತಿಗಾಗಿ ಕಾಯುತ್ತಿದ್ದರು. ನಾನು ಕೈ ಮುಂದೆ ಹಿಡಿದೆ. ಅವರು ಗೋಡೆಯ ಕಡೆ ತಿರುಗಿ, ಬಿಚ್ಚಿ, ನನ್ನ ಎಡ ಅಂಗೈ ಮೇಲಿಟ್ಟರು.

"ಕೆಳಗ ಇಡಬ್ಯಾಡ. ಫೋನ್ ಬಂದ್ರ ಎತ್ತಬ್ಯಾಡ."

ಆಮೇಲೆ ಟೆಕ್ನಿಶಿಯನ್ ಲೋಹ ಪತ್ತೆಹಚ್ಚುವ ಕೋಲನ್ನು ಅವರ ಮೈಮೇಲೆ ಆಡಿಸಿದರೆ ನಡುವಿನ ಹತ್ತಿರ ಅದು ಕಿರುಚಿತು. ನೋಡಿದರೆ ಕುಪ್ಪಸದ ಗಂಟಿಗೆ ಸಿಕ್ಕಿಸಿದ ಪಿನ್ನು, ಕಾಲಿಗೆ ಮುಳ್ಳು ಚುಚ್ಚಿದರೆ ತೆಗೆಯಲೆಂದು ಸದಾ ಇಟ್ಟುಕೊಳ್ಳುವುದು. ಅಪ್ಪಟ ಕಬ್ಬಿಣ. ಆಯಸ್ಕಾಂತ ಸೆಳೆಯದ ಬೆಳ್ಳಿಗೆ, ಕಲ್ಲಿಗೆ ಇಡೀ ದಿನ ತಲೆ ಕೆಡಿಸಿಕೊಂಡ ನಮಗೆ, ಭೌತಶಾಸ್ತ್ರದ ನನಗೂ, ಇದೊಂದು ನೆನಪಾಗಿರಲಿಲ್ಲ. "ಆಯಿ, ಮುಖ್ಯ ಆಯುಧಾನ ಬಿಟ್ಟಿದ್ರಲ್ರಿ" ಎಂದ ಅವನು. ಅತ್ತೆಗೆ ನಗು ಬರಲಿಲ್ಲ. ನಾನು ಒಂದೇ ಕೈಯಿಂದ ಪಿನ್ನು ಬಿಡಿಸಿಕೊಂಡೆ.

ಬಾಗಿಲು ಮುಚ್ಚಿತು. ಒಳಗೆ ಜೋಳದ ಗಿರಣಿ ಕಲ್ಲಿಗೆ ಕಲ್ಲು ಹೊಡೆದಂಥ ಸದ್ದು, ನಡುನಡುವೆ ನಿಂತು ಇನ್ನೊಂದು ರಾಗದಲ್ಲಿ ಮತ್ತೆ ಶುರು. ಹೊರಗೆ ಬೆಂಚಿನ ಮೇಲೆ ಅಂಗೈ ಚಾಚಿ ಕೂತಿದ್ದೆ. ಲಿಂಗ ಇನ್ನೂ ಅತ್ತೆಯ ಮೈಬಿಸಿಯಲ್ಲೇ ಇತ್ತು. ಆರುತ್ತಿದೆಯೇನೋ ಎಂದು ಬಲಗೈ ಮುಚ್ಚಿದೆ. ಅಂಗೈ ಬೆವತು, ಆ ಬೆವರಿಗೆ ಕಂಥಿ ಕರಗಿದರೆ ಏನು ಗತಿ ಎಂದು ಮತ್ತೆ ತೆರೆದೆ. ಒಳಗೆ ಅವರ ತಲೆಯ ಹನಿ ಹನಿ ನೀರು ಉತ್ತರ ಕೊಡುತ್ತಿತ್ತು. ಆ ಉತ್ತರದಲ್ಲಿ ಗಡ್ಡೆ ಇರದಿರಲಿ ಎಂದು ಬೇಡಿಕೊಂಡೆ. ಇದ್ದರೆ ಅದು ಈಗಾಗಲೇ ಇದೆ, ಬೇಡಿದರೆ ಹೋಗುವುದಿಲ್ಲ ಎಂದು ಗೊತ್ತಿದ್ದೂ ಬೇಡಿಕೊಂಡೆ.

ಮಧ್ಯಾಹ್ನ ಅಲ್ಲಿಯ ಡಾಕ್ಟರು ಚಿತ್ರಗಳನ್ನು ನೋಡಿ ಎಲ್ಲ ನಾರ್ಮಲ್ ಎಂದರು. ನಮ್ಮ ಮನೆಯವರ ಕಣ್ಣಲ್ಲಿ ನೀರು ಬಂತು. ದಾರಿಯಲ್ಲಿ ಗಾಡಿ ನಿಲ್ಲಿಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದರು.

"ಏನೂ ಇಲ್ಲ ಬೇ ಯವ್ವಾ! ತಿನ್ನು."

ಅತ್ತೆ ಒಂದು ಮಿರ್ಚಿ ಮುರಿದು ಬಾಯಿಗಿಟ್ಟರು. ಅಗಿದ ಕೂಡಲೇ ಕಣ್ಣು ಮುಚ್ಚಿ ಸೀಟಿನ ತುದಿ ಹಿಡಿದರು. ನೋವು ಬಿಟ್ಟ ಮೇಲೆ ಕೇಳಿದರು: "ಏನೂ ಇಲ್ಲಂದ್ರ ಮತ್ತ ಇದೇನೋ?"

ಗಡ್ಡೆಯ ಹೆದರಿಕೆ ಹೋದ ಜಾಗದಲ್ಲಿ ಬೇರೊಂದು ಬಂದು ಕೂತಿತು. ಕುಕನೂರಿನಿಂದ ನಾದಿನಿ ಫೋನ್ ಮಾಡಿ, "ಏನೂ ಇಲ್ಲಂದಮ್ಯಾಲ ಇಲ್ಲ ಬಿಡು ವೈನಿ. ಅವ್ವಗ ಮನಸಿನ್ಯಾಗ ಹೊಕ್ಕೈತಿ" ಎಂದಳು. ನೋವಿಗೆ ಕ್ವಾಂಟಮ್ ಪದಕ ಎಂದು ಒಂದು ವಿಡಿಯೋ ಕಳಿಸಿದಳು. ಕೊರಳಿಗೆ ಹಾಕಿಕೊಂಡರೆ ಅಣು ಅಣುವೂ ಸರಿಹೋಗುತ್ತದಂತೆ. ಅತ್ತೆಗೆ ತೋರಿಸಿದೆ. "ನನ್ನ ಕೊರಳಾಗ ಒಂದೈತಿ, ಸಾಕು" ಎಂದರು. ನನಗೆ ಸಿಟ್ಟು ಬಂತು. ಯಾವುದು ಗೊತ್ತಿಲ್ಲವೋ ಅದರ ಹೆಸರು ಹೇಳಿ ಮಾರುವವರ ಮೇಲೆ. ಆದರೆ ನಮ್ಮ ಮನೆಯಲ್ಲೂ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆಯೇ ಮಾತಾಡುತ್ತಿದ್ದೆವು.

"ಅಷ್ಟು ದೊಡ್ಡ ಮಷೀನು ಸುಳ್ಳು ಹೇಳ್ತೈತೇನು?" ಎಂದರು ನಮ್ಮ ಮನೆಯವರು.

"ಸುಳ್ಳು ಹೇಳಿಲ್ರಿ. ಕೇಳಿದ್ದಕ್ಕ ಅಷ್ಟ ಹೇಳೈತಿ. ಗಡ್ಡಿ ಐತೇನು ಅಂತ ಕೇಳಿದ್ವಿ, ಇಲ್ಲ ಅಂತು. ನೋವು ಐತೇನು ಅಂತ ಅದನ್ನ ಯಾರು ಕೇಳ್ಯಾರ?"

"ನೀ ಸೈನ್ಸಿನಾಕಿ. ನೀನ ನಂಬದಿದ್ರ ಉಳದವರ ಕಥಿ ಏನು?"

ನಂಬದೇ ಏನು, ನಂಬುತ್ತೇನೆ. ನೋವು ಎಲೆಕ್ಟ್ರಾನ್ ಅಲ್ಲ ಎಂದೂ ಗೊತ್ತು; ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದರೆ ನಾನೂ ಪದಕ ಮಾರುವವಳೇ ಆದೇನು. ಹೆದರಿಕೆ ಹುಟ್ಟಿದ್ದು ಬೇರೆ ಕಡೆಯಿಂದ. ಸ್ಪಿನ್ ಎಂದರೆ ಏನೆಂದು ಹೇಳಲು ಬಾರದ ನಾವು, ಅದರಿಂದ ಬರೆಸಿದ ಚಿತ್ರ ಹಿಡಿದು, ಎದುರಿಗೇ ಕೆನ್ನೆ ಒತ್ತಿಕೊಂಡು ಕೂತ ಮುದುಕಿಗೆ ನಿನಗೆ ಏನೂ ಇಲ್ಲ ಎನ್ನುತ್ತಿದ್ದೆವು. ಅತ್ತೆ ಅದನ್ನು ನಂಬತೊಡಗಿದ್ದರು. ನೋವಿನ ಮಾತು ಆಡುವುದನ್ನೇ ಬಿಟ್ಟರು. ಬಂದಾಗ ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗುವರು. ಕೇಳಿದರೆ, "ಏನಿಲ್ಲ, ಚಿತ್ರದಾಗ ಇಲ್ಲಲ್ಲ" ಎನ್ನುವರು. ಒಂದು ಬೆಳಿಗ್ಗೆ ಹಿತ್ತಲ ಎಮ್ಮೆಯ ಕಲಗಚ್ಚಿನ ಬಾನಿಯಲ್ಲಿ ಅವರ ತಾಟಿನ ರೊಟ್ಟಿ ಇಡಿಯಾಗಿ ತೇಲುತ್ತಿತ್ತು. ಊಟ ಆಯಿತು ಎಂದು ಹೇಳಿದ್ದರು. ಕುಪ್ಪಸದ ತೋಳು ಸಡಿಲವಾಗಿದ್ದು ಆಗ ಕಣ್ಣಿಗೆ ಬಿತ್ತು.

ಆ ದಿನ ರಜೆ ಹಾಕಿ ಅವರ ಪಕ್ಕ ಕೂತೆ. ನೋವು ಇದೆಯೋ ಇಲ್ಲವೋ ಎಂದು ಕೇಳಲಿಲ್ಲ. ಯಾವಾಗ ಬರುತ್ತದೆ, ಎಲ್ಲಿ ಶುರು, ಎಲ್ಲಿಗೆ ನಿಲ್ಲುತ್ತದೆ, ಏನು ಮುಟ್ಟಿದರೆ ಬರುತ್ತದೆ ಎಂದು ಕೇಳಿದೆ. ಮೊದಲು ಹೇಳಲೊಲ್ಲರು. ಆಮೇಲೆ ಬೆರಳಿನಿಂದ ಕೆನ್ನೆಯ ಮೇಲೆ ಗೆರೆ ಎಳೆದು ತೋರಿಸಿದರು. ಮುಟ್ಟದೆ, ಗಾಳಿಯಲ್ಲೇ.

ಸಂಜೆ ಕೊಪ್ಪಳದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನಮ್ಮ ಮನೆಯವರು ಚಿತ್ರದ ಲಕೋಟೆ ಮುಂದೆ ಹಿಡಿದರು. ಡಾಕ್ಟರು ನೋಡಿ ಪಕ್ಕಕ್ಕಿಟ್ಟು, "ನೀವು ಹೇಳ್ರಿ ಆಯಿ" ಎಂದರು. ಅತ್ತೆ ಮತ್ತೆ ಗಾಳಿಯಲ್ಲಿ ಗೆರೆ ಎಳೆದರು.

"ಇದು ಮುಖದ ನರದ ನೋವು. ಚಿತ್ರ ಚಲೋ ಬಂದದ್ದು ಭಾಳ ಚಲೋ, ಗಡ್ಡಿ ಇಲ್ಲ ಅಂತ ಗೊತ್ತಾತು. ಆದ್ರ ಈ ನೋವು ಇರೂದು ಚಿತ್ರದಾಗ ಕಾಣಲೇಬೇಕು ಅಂತಿಲ್ಲ. ಇವರು ಹೇಳೂದರ ಮ್ಯಾಲ ನಾವು ಹಿಡಿಯೂದು."

ಅತ್ತೆ ಮಗನ ಕಡೆ ತಿರುಗಿದರು. "ಕೇಳಿದಿ?" ಎಂದಷ್ಟೇ ಅಂದರು. ನಮ್ಮ ಮನೆಯವರು ತಲೆ ತಗ್ಗಿಸಿದರು.

ಡಾಕ್ಟರು ಬರೆದದ್ದು ಮೊದಲು ಫಿಟ್ಸಿಗೆಂದು ಬಂದ ಗುಳಿಗೆಯಂತೆ. ಇದಕ್ಕೂ ಕೆಲಸ ಮಾಡುತ್ತದೆ. ಒಬ್ಬರಿಗೆ ಪೂರ್ತಿ ನಿಲ್ಲುತ್ತದೆ, ಇನ್ನೊಬ್ಬರಿಗೆ ಕೆಲವು ದಿನ ನಿಂತು ತಿರುಗಿ ಬರುತ್ತದೆ. ಯಾಕೆ ಎಂದು ಕೇಳಿದೆ. "ಸ್ವಲ್ಪ ಹೇಳಬಲ್ಲೆ ಮೇಡಂ, ಪೂರ್ತಿ ಹೇಳಾಕ ಬರೂದಿಲ್ಲ" ಎಂದರು.

ಮರುದಿನ ತರಗತಿಯಲ್ಲಿ ಆ ಹುಡುಗಿಯನ್ನು ಎಬ್ಬಿಸಿ, ಕೇಳದೇ ಇದ್ದಾಗ ಎಲೆಕ್ಟ್ರಾನ್ ಏನಾಗಿರುತ್ತದೋ ನನಗೂ ಗೊತ್ತಿಲ್ಲ, ಪುಸ್ತಕವೂ ಹೇಳುವುದಿಲ್ಲ ಎಂದೆ. "ಮತ್ತ ಪರೀಕ್ಷಾಕ್ಕ ಏನ್ ಬರೀಬೇಕ್ರಿ?" ಎಂದಳು.

ಗುಳಿಗೆಯಿಂದ ಅತ್ತೆಗೆ ತಲೆ ತಿರುಗಿದಂತಾಗುತ್ತದೆ, ಹಗಲು ನಿದ್ದೆ ಬರುತ್ತದೆ. ನೋವು ಕಡಿಮೆಯಾಗಿದೆ ಎನ್ನುತ್ತಾರೆ. ನಮ್ಮ ಸಮಾಧಾನಕ್ಕೆ ಹೇಳುತ್ತಾರೋ ಏನೋ ಎಂದು ಕಲಗಚ್ಚಿನ ಬಾನಿಯನ್ನು ದಿನವೂ ನೋಡುತ್ತೇನೆ. ಹೋದ ವಾರ, ಕೇಳದೆಯೇ, "ನನಗ ಖಡಕ್ ರೊಟ್ಟಿ ಹಾಕು" ಎಂದರು. ಹಾಕಿ ಒಳಗೆ ಬಂದು ಡಬ್ಬಿ ಮುಚ್ಚುತ್ತ ನಿಂತೆ. ಪಡಸಾಲೆಯಲ್ಲಿ ಕಟ್ ಎಂದಿತು. ಚಟ್ನಿಯ ಮುಚ್ಚಳ ತೆಗೆದ ಸಪ್ಪಳವೂ ಬಂತು. ಆಮೇಲೆ ಸುಮ್ಮನಾಯಿತು. ಅಗಿಯುತ್ತಿದ್ದಾರೋ, ಸೆರಗು ಎಳೆದುಕೊಂಡು ಗೋಡೆಗೆ ತಿರುಗಿದ್ದಾರೋ ಇಲ್ಲಿಂದ ಗೊತ್ತಾಗುವುದಿಲ್ಲ. ಬಸ್ಸಿನ ಹೊತ್ತಾಗಿತ್ತು. ಚಪ್ಪಲಿ ಮೆಟ್ಟದೆ, ಬಾಗಿಲ ಹಿಂದೆ ನಿಂತು, ಎರಡನೇ ಸಲ ರೊಟ್ಟಿ ಮುರಿಯುವುದನ್ನು ಕಾದೆ.